ಬ್ಯಾಕಪ್ ತಾನಾಗಿಯೇ ನಡೆಯಲಿ, ನಿಂತುಹೋದರೆ ನಿಮಗೆ ಗೊತ್ತಾಗಲಿ

ಬ್ಯಾಕಪ್ ತೆಗೆದಿಡಬೇಕು ಅಂತ ಎಲ್ಲರಿಗೂ ಗೊತ್ತು, ತೆಗೆಯುವವರು ಕಡಿಮೆ. ಇದಕ್ಕೆ ಸೋಮಾರಿತನ ಕಾರಣ ಅಂತ ನನಗನ್ನಿಸುವುದಿಲ್ಲ. ಕೆಲಸದ ಮಧ್ಯೆ ಡ್ರೈವ್ ಹುಡುಕಿ, ಹೋದ ಸಲ ಯಾವ ಫೋಲ್ಡರ್ ಕಾಪಿ ಮಾಡಿದ್ದೆ, ಆಮೇಲೆ ಬಂದ ಹೊಸ ಫೈಲ್ ಯಾವುವು ಎಂದು ನೆನಪು ಮಾಡಿಕೊಂಡು ಕೂರುವುದು ಯಾರಿಗಾದರೂ ಬೇಜಾರೇ. ಇಂಥದ್ದನ್ನು ಮೆಷಿನ್‌ಗೇ ಬಿಟ್ಟುಬಿಡಬೇಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅದಕ್ಕೆ ಬೇಕಾದ ಸಾಮಾನು ಮೊದಲೇ ಇದೆ. ಹೊಸ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ.

ಇಂಥ ಹೊತ್ತಿಗೆ ಈ ಕೆಲಸ (ಟಾಸ್ಕ್) ಮಾಡು ಎಂದು ಮೆಷಿನ್‌ಗೆ ಶೆಡ್ಯೂಲ್ ಹಾಕುವುದು ದೊಡ್ಡ ಕೆಲಸವಲ್ಲ. ತೊಂದರೆ ಇರುವುದು ಆಮೇಲೆ. ಹಾಕಿದ ಟಾಸ್ಕ್ ಯಾವತ್ತೋ ಒಂದು ದಿನ ಸದ್ದಿಲ್ಲದೆ ನಿಂತುಹೋಗುತ್ತದೆ, ಮತ್ತು ನೀವು ಅದು ನಡೆಯುತ್ತಿದೆ ಅಂತಲೇ ನಂಬಿಕೊಂಡಿರುತ್ತೀರಿ. ದೊಡ್ಡ ದೊಡ್ಡವರಿಗೂ ಹೀಗಾಗಿದೆ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಒಂದು ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೇಟಾಬೇಸ್ ಫೋಲ್ಡರ್ ಅನ್ನು ಇನ್ನೊಂದು ಸರ್ವರ್‌ನಲ್ಲಿ, ಅಂದರೆ ಬಳಕೆಯಲ್ಲಿದ್ದ ಮುಖ್ಯ ಸರ್ವರ್‌ನಲ್ಲಿ, ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಏನೂ ಇರಲಿಲ್ಲ. ದಿನಾ ಓಡಬೇಕಿದ್ದ ಬ್ಯಾಕಪ್ ಪ್ರೋಗ್ರಾಂನ ವರ್ಶನ್ ಡೇಟಾಬೇಸ್ ವರ್ಶನ್‌ಗೆ ಹೊಂದದೆ ಅದು ಫೇಲ್ ಆಗುತ್ತಲೇ ಇತ್ತು. ಫೇಲ್ ಆಯಿತೆಂದು ಹೇಳಬೇಕಿದ್ದ ಇಮೇಲ್‌ಗಳನ್ನೂ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ಒಬ್ಬರು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಇದ್ದದ್ದರಿಂದ ಬಚಾವಾದರು. ಇದೆಲ್ಲವನ್ನೂ ಕಂಪನಿಯೇ ಬಿಚ್ಚಿಟ್ಟು ಬರೆದಿದೆ, ಅದಕ್ಕೆ ಅವರನ್ನು ಮೆಚ್ಚಬೇಕು.

ಹಾಗಾಗಿ ಇಲ್ಲಿ ಟಾಸ್ಕ್ ಹಾಕುವುದಕ್ಕಿಂತ ಅದು ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಇನ್ನೊಂದು ಮಾತು: ಕಮಾಂಡ್‌ಗಳನ್ನೂ ಮೆನು ಹೆಸರುಗಳನ್ನೂ ಓದುವುದಕ್ಕೆ ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು, ಏನನ್ನು ಎಲ್ಲಿಗೆ

ಇಡೀ ಸಿ ಡ್ರೈವ್ ಕಾಪಿ ಮಾಡಲು ಹೋಗಬೇಡಿ. ವಿಂಡೋಸ್ ಹೋದರೆ ಮತ್ತೆ ಹಾಕಬಹುದು, ಪ್ರೋಗ್ರಾಂಗಳನ್ನು ಮತ್ತೆ ಡೌನ್‌ಲೋಡ್ ಮಾಡಬಹುದು. ನೀವು ಬರೆದದ್ದು, ತೆಗೆದ ಫೋಟೋ, ಲೆಕ್ಕದ ಫೈಲ್, ಸ್ಕ್ಯಾನ್ ಮಾಡಿಟ್ಟ ದಾಖಲೆ, ಇವು ಮತ್ತೆ ಸಿಗುವುದಿಲ್ಲ. ಅವಿರುವ ನಾಲ್ಕೈದು ಫೋಲ್ಡರ್‌ಗಳನ್ನು ಪಟ್ಟಿ ಮಾಡಿ. ಪಟ್ಟಿ ಮಾಡುವಾಗ ಫೋಲ್ಡರ್ ನಿಜವಾಗಿ ಎಲ್ಲಿದೆ ಎಂದು ನೋಡಿ. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಒನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಎರಡೂ ಒನ್‌ಡ್ರೈವ್ ಫೋಲ್ಡರ್‌ನ ಒಳಗೆ ಹೋಗಿ ಕೂತಿರುತ್ತವೆ. ಹಳೆಯ ದಾರಿ ಕೊಟ್ಟರೆ ಖಾಲಿ ಫೋಲ್ಡರ್ ಅನ್ನು ದಿನಾ ಶ್ರದ್ಧೆಯಿಂದ ಕಾಪಿ ಮಾಡುವ ಟಾಸ್ಕ್ ತಯಾರಾಗುತ್ತದೆ.

ಎಷ್ಟು ಕಾಪಿ ಬೇಕು ಅನ್ನುವುದಕ್ಕೆ ಫೋಟೋಗ್ರಾಫರ್ ಪೀಟರ್ ಕ್ರೋಗ್ ಅವರು ಜನಪ್ರಿಯ ಮಾಡಿದ 3-2-1 ಲೆಕ್ಕ ಚೆನ್ನಾಗಿದೆ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಕ್ಲೌಡ್‌ಗೆ ಸಿಂಕ್ ಆಗುತ್ತಿದೆ, ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ, ಇಲ್ಲಿ ಹಾಳಾದ ಫೈಲ್ ಅಲ್ಲೂ ಹಾಳಾದ ಫೈಲೇ. ಕೆಲವು ದಿನ ರೀಸೈಕಲ್ ಬಿನ್‌ನಲ್ಲಿ ಸಿಗಬಹುದು, ಅದನ್ನು ನಂಬಿಕೊಂಡು ಕೂರುವಂತಿಲ್ಲ.

ವಿಂಡೋಸ್‌ನಲ್ಲಿ

ಏನೂ ಬರೆಯುವುದು ಬೇಡ ಅನ್ನುವವರಿಗೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ಇದೆ. ಎಕ್ಸ್‌ಟರ್ನಲ್ ಡ್ರೈವ್ ತೋರಿಸಿ ಆನ್ ಮಾಡಿದರೆ ಬದಲಾದ ಫೈಲ್‌ಗಳನ್ನು ಗಂಟೆಗೊಮ್ಮೆ ಎತ್ತಿಡುತ್ತದೆ, ಹಳೆಯ ವರ್ಶನ್‌ಗಳನ್ನೂ ಇಟ್ಟುಕೊಳ್ಳುತ್ತದೆ. ಬಹಳ ಜನರಿಗೆ ಇಷ್ಟೇ ಸಾಕು. ಸಂಕೋಚ ಬೇಡ, ಇದನ್ನೇ ಬಳಸಿ, ಕೆಳಗಿನದ್ದರಲ್ಲಿ ಕೊನೆಗೆ ಬರುವ ಪರೀಕ್ಷೆ ಮಾಡುವ ಭಾಗ ಮಾತ್ರ ಓದಿ.

ಏನು ನಡೆಯುತ್ತಿದೆ ಎಂದು ಸ್ಪಷ್ಟವಾಗಿ ಗೊತ್ತಿರಬೇಕು ಅನ್ನುವವರಿಗೆ ಫೈಲ್ ಕಾಪಿ ಮಾಡುವ ರೋಬೊಕಾಪಿ ಕಮಾಂಡ್ ಮತ್ತು ಅದನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್. ರೋಬೊಕಾಪಿ ವಿಸ್ಟಾ ಕಾಲದಿಂದ ವಿಂಡೋಸ್ ಜೊತೆಯಲ್ಲೇ ಬರುತ್ತದೆ. ಬದಲಾಗದ ಫೈಲ್‌ಗಳನ್ನು ಮುಟ್ಟುವುದಿಲ್ಲ, ಹಾಗಾಗಿ ಮೊದಲ ದಿನ ಗಂಟೆಗಟ್ಟಲೆ ಹಿಡಿದ ಕೆಲಸ ಎರಡನೇ ದಿನದಿಂದ ಬೇಗ ಮುಗಿಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ಬರೆದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಆಗಿ ಸೇವ್ ಮಾಡಬೇಕಾದ ಮುಖ್ಯ ಸಾಲು ಈ ರೂಪದಲ್ಲಿರುತ್ತದೆ:

ರೋಬೊಕಾಪಿ "ಮೂಲ ಫೋಲ್ಡರ್" "ಬ್ಯಾಕಪ್ ಫೋಲ್ಡರ್" /ಇ /ಎಕ್ಸ್‌ಜೆ /ಆರ್:2 /ಡಬ್ಲ್ಯೂ:5

/ಇ ಅಂದರೆ ಒಳಗಿನ ಫೋಲ್ಡರ್‌ಗಳೆಲ್ಲ ಬರಲಿ ಎಂದು. /ಎಕ್ಸ್‌ಜೆ ಅಂದರೆ ಜಂಕ್ಷನ್‌ಗಳನ್ನು (ಬೇರೆ ಫೋಲ್ಡರ್‌ಗೆ ಕರೆದೊಯ್ಯುವ ಕೊಂಡಿಗಳನ್ನು) ಬಿಡು ಎಂದು. ಡಾಕ್ಯುಮೆಂಟ್ಸ್‌ನೊಳಗೆ ಕಣ್ಣಿಗೆ ಕಾಣದ ಕೆಲವು ಜಂಕ್ಷನ್‌ಗಳಿರುತ್ತವೆ, ಅವುಗಳ ಹಿಂದೆ ಹೋದರೆ ಸುಮ್ನೆ ಎರರ್ ಬರುತ್ತದೆ. ಇನ್ನು ಕೊನೆಯ ಎರಡು ಬಹಳ ಮುಖ್ಯ. ಒಂದು ಫೈಲ್ ಬೇರೆ ಪ್ರೋಗ್ರಾಂನಲ್ಲಿ ತೆರೆದು ಲಾಕ್ ಆಗಿದ್ದರೆ ರೋಬೊಕಾಪಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಮತ್ತು ನೀವು ಏನೂ ಹೇಳದಿದ್ದರೆ ಹತ್ತು ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ! ಒಂದೇ ಒಂದು ಲಾಕ್ ಆದ ಫೈಲ್ ಇಡೀ ಬ್ಯಾಕಪ್ಪನ್ನು ಅಲ್ಲೇ ನಿಲ್ಲಿಸಬಹುದು. ಎರಡು ಸಲ, ಐದು ಸೆಕೆಂಡ್ ಸಾಕು. ಫೋಲ್ಡರ್ ದಾರಿಯ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಷ್ ಹಾಕಿ ಅದರ ಪಕ್ಕದಲ್ಲೇ ಉದ್ಧರಣ ಚಿಹ್ನೆ ಮುಚ್ಚಬೇಡಿ, ರೋಬೊಕಾಪಿ ಅದನ್ನು ತಪ್ಪಾಗಿ ಓದುತ್ತದೆ.

ಎಲ್ಲ ಕಡೆ ನಿಮಗೆ /ಎಂಐಆರ್ ಬಳಸಿ ಎಂಬ ಸಲಹೆ ಸಿಗುತ್ತದೆ. ಅದು ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸಿ ಎರಡನ್ನೂ ಒಂದೇ ಸಮ ಮಾಡುತ್ತದೆ. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ಮೂಲ ಫೋಲ್ಡರ್ ಯಾವುದೋ ಕಾರಣಕ್ಕೆ ಖಾಲಿಯಾಗಿದ್ದ ದಿನ, ಬ್ಯಾಕಪ್ ಕೂಡ ಖಾಲಿಯಾಗುತ್ತದೆ, ಅದೂ ಯಾರನ್ನೂ ಕೇಳದೆ. ಗುರಿ ಫೋಲ್ಡರ್ ತಪ್ಪಾಗಿ ಕೊಟ್ಟರೆ ಅಲ್ಲಿದ್ದ ಸಂಬಂಧವೇ ಇಲ್ಲದ ಫೈಲ್‌ಗಳೂ ಹೋಗುತ್ತವೆ. ತಾನಾಗಿ ಓಡುವ ಟಾಸ್ಕ್‌ನಲ್ಲಿ ಇದನ್ನು ಹಾಕಬೇಡಿ ಅನ್ನುವುದೇ ನನ್ನ ಸಲಹೆ. ಬ್ಯಾಕಪ್‌ನಲ್ಲಿ ನಾಲ್ಕು ಹಳೆಯ ಫೈಲ್ ಜಾಸ್ತಿ ಉಳಿದರೆ ಉಳಿಯಲಿ ಬಿಡಿ. ಹಾಕಲೇಬೇಕು ಅಂತಿದ್ದರೆ ಮೊದಲು ಕೊನೆಯಲ್ಲಿ /ಎಲ್ ಸೇರಿಸಿ ಓಡಿಸಿ, ಆಗ ಏನೇನು ಮಾಡುತ್ತೇನೆ ಎಂದು ಪಟ್ಟಿ ಕೊಡುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ.

/ಇ ಹಾಕಿದರೂ ಒಂದು ತೊಂದರೆ ಉಳಿಯುತ್ತದೆ: ಇವತ್ತು ಹಾಳಾದ ಫೈಲ್ ನಿನ್ನೆಯ ಒಳ್ಳೆಯ ಪ್ರತಿಯ ಮೇಲೆ ಕೂರುತ್ತದೆ. ಇದಕ್ಕೆ ಸುಲಭ ದಾರಿ, ಎರಡು ಟಾಸ್ಕ್. ಒಂದು ದಿನಾ ಒಂದು ಫೋಲ್ಡರ್‌ಗೆ, ಇನ್ನೊಂದು ತಿಂಗಳಿಗೊಮ್ಮೆ ಬೇರೆ ಫೋಲ್ಡರ್‌ಗೆ. ತಿಂಗಳ ಟಾಸ್ಕ್ ಮತ್ತೆ ಓಡುವವರೆಗೆ ಆ ಹಳೆಯ ಪ್ರತಿ ಕೈಯಲ್ಲಿರುತ್ತದೆ.

ಈಗ ಡ್ರೈವ್ ಅಕ್ಷರದ ವಿಷಯ. ಎಕ್ಸ್‌ಟರ್ನಲ್ ಡ್ರೈವ್ ಇವತ್ತು ಇ ಆಗಿರುತ್ತದೆ, ನಾಳೆ ಪೆನ್‌ಡ್ರೈವ್ ಮೊದಲು ಚುಚ್ಚಿದ್ದರೆ ಎಫ್ ಆಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅದಕ್ಕೆ ಟಿ ಅಥವಾ ಡಬ್ಲ್ಯೂನಂಥ ದೂರದ ಅಕ್ಷರ ಕೊಟ್ಟುಬಿಡಿ. ಜೊತೆಗೆ ಆ ಡ್ರೈವ್‌ನಲ್ಲಿ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇಡಿ, ಮೂಲ ಫೋಲ್ಡರ್‌ನಲ್ಲೂ ಒಂದು ಇಡಿ. ಬ್ಯಾಚ್ ಫೈಲ್‌ನ ಮೊದಲ ಎರಡು ಸಾಲು ಈ ಗುರುತಿನ ಫೈಲ್‌ಗಳು ಇವೆಯೇ ಎಂದು ಇಫ್ ನಾಟ್ ಎಕ್ಸಿಸ್ಟ್‌ನಿಂದ ನೋಡಿ, ಇಲ್ಲದಿದ್ದರೆ ಎಕ್ಸಿಟ್ /ಬಿ 1 ಹೇಳಿ ಅಲ್ಲೇ ನಿಲ್ಲಲಿ. ಎರಡೇ ಸಾಲು, ಆದರೆ ಖಾಲಿ ಫೋಲ್ಡರ್, ತಪ್ಪು ಡ್ರೈವ್, ಚುಚ್ಚದ ಡ್ರೈವ್ ಮೂರನ್ನೂ ಇವೇ ಹಿಡಿಯುತ್ತವೆ.

ರೋಬೊಕಾಪಿ ಸಾಲಿನ ನಂತರ ಇನ್ನೂ ಸ್ವಲ್ಪ ಬೇಕು. ಸಾಮಾನ್ಯವಾಗಿ ಪ್ರೋಗ್ರಾಂ ಸರಿಯಾಗಿ ಮುಗಿದರೆ 0 ಕೊಡುತ್ತದೆ, ಬೇರೆ ಅಂಕಿ ಬಂದರೆ ತಪ್ಪಾಗಿದೆ ಎಂದರ್ಥ. ರೋಬೊಕಾಪಿ ಹಾಗಲ್ಲ. 0 ಅಂದರೆ ಕಾಪಿ ಮಾಡುವುದಕ್ಕೇ ಏನೂ ಇರಲಿಲ್ಲ, 1 ಅಂದರೆ ಫೈಲ್‌ಗಳು ಕಾಪಿ ಆದವು, 8 ಅಥವಾ ಅದಕ್ಕಿಂತ ಮೇಲೆ ಬಂದರೆ ಮಾತ್ರ ಕೆಲವು ಫೈಲ್ ಹೋಗಲಿಲ್ಲ ಎಂದು. ಹಾಗಾಗಿ ಟಾಸ್ಕ್ ಶೆಡ್ಯೂಲರ್‌ನಲ್ಲಿ 0ಎಕ್ಸ್1 ಕಂಡು ಜನ ಗಾಬರಿಯಾಗುತ್ತಾರೆ, ಬ್ಯಾಕಪ್ ಚೆನ್ನಾಗೇ ಆಗಿರುತ್ತದೆ. ದಿನಾ ಅದನ್ನೇ ನೋಡಿ ಅಭ್ಯಾಸವಾದವರು ನಿಜವಾದ ಎರರ್ ಬಂದಾಗಲೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದೇ ಅಪಾಯ. ಆದ್ದರಿಂದ ಮುಂದಿನ ಸಾಲಿನಲ್ಲಿ ಇಫ್ ಎರರ್‌ಲೆವೆಲ್ 8 ಎಕ್ಸಿಟ್ /ಬಿ 1 ಎಂದು ಬರೆಯಿರಿ. ಎರರ್‌ಲೆವೆಲ್ 8 ಅಂದರೆ 8 ಮತ್ತು ಅದಕ್ಕಿಂತ ಹೆಚ್ಚು ಎಂದೇ ಅರ್ಥ. ಅದನ್ನು ದಾಟಿ ಬಂದರೆ ಇವತ್ತಿನ ದಿನಾಂಕವನ್ನು ಒಂದು ಟೆಕ್ಸ್ಟ್ ಫೈಲ್‌ಗೆ ಬರೆಸಿ, ಕೊನೆಗೆ ಎಕ್ಸಿಟ್ /ಬಿ 0. ಆ ದಿನಾಂಕದ ಫೈಲ್ ಆಮೇಲೆ ಕೆಲಸಕ್ಕೆ ಬರುತ್ತದೆ.

ಬ್ಯಾಚ್ ಫೈಲ್ ಅನ್ನು ಕೈಯಾರೆ ಓಡಿಸಿ ಸರಿ ಇದೆ ಎಂದಾದ ಮೇಲೆ ಟಾಸ್ಕ್ ಶೆಡ್ಯೂಲರ್ ತೆರೆಯಿರಿ. ಕ್ರಿಯೇಟ್ ಬೇಸಿಕ್ ಟಾಸ್ಕ್ ಬೇಡ, ಕ್ರಿಯೇಟ್ ಟಾಸ್ಕ್ ಒತ್ತಿ. ಬೇಸಿಕ್‌ನಲ್ಲಿ ಬೇಕಾದ ಆಯ್ಕೆಗಳು ಎದುರಿಗೆ ಬರುವುದೇ ಇಲ್ಲ. ಟ್ರಿಗರ್ಸ್‌ನಲ್ಲಿ ಸಮಯ, ಆಕ್ಷನ್ಸ್‌ನಲ್ಲಿ ಬ್ಯಾಚ್ ಫೈಲ್‌ನ ಪೂರ್ತಿ ದಾರಿ. ಅಲ್ಲಿ ಸ್ಟಾರ್ಟ್ ಇನ್ ಎಂಬ ಜಾಗ ತುಂಬಿಸುವುದಾದರೆ ಉದ್ಧರಣ ಚಿಹ್ನೆ ಹಾಕಬೇಡಿ.

ಕಂಡಿಷನ್ಸ್ ಮತ್ತು ಸೆಟ್ಟಿಂಗ್ಸ್ ಎಂಬ ಎರಡು ಟ್ಯಾಬ್‌ಗಳನ್ನು ಯಾರೂ ತೆರೆದು ನೋಡುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಚಾರ್ಜರ್ ಹಾಕಿದ್ದರೆ ಮಾತ್ರ ಟಾಸ್ಕ್ ಶುರು ಮಾಡು, ಬ್ಯಾಟರಿಗೆ ಬಂದರೆ ನಿಲ್ಲಿಸು ಎಂಬ ಎರಡು ಆಯ್ಕೆಗಳು ಮೊದಲಿನಿಂದಲೇ ಟಿಕ್ ಆಗಿರುತ್ತವೆ. ಇನ್ನೊಂದು ಕಡೆ, ಸಮಯ ತಪ್ಪಿದ್ದರೆ ಆದಷ್ಟು ಬೇಗ ಓಡಿಸು ಎಂಬ ಆಯ್ಕೆ ಟಿಕ್ ಆಗಿರುವುದಿಲ್ಲ. ಅಂದರೆ ರಾತ್ರಿ 2ಕ್ಕೆ ಶೆಡ್ಯೂಲ್ ಹಾಕಿ ಲ್ಯಾಪ್‌ಟಾಪ್ ಮುಚ್ಚಿ ಮಲಗುವವರ ಬ್ಯಾಕಪ್ ಒಂದು ದಿನವೂ ನಡೆಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಮೊದಲಿನ ಎರಡನ್ನು ತೆಗೆಯಿರಿ, ಇದನ್ನು ಹಾಕಿ. ಸಮಯವನ್ನೂ ರಾತ್ರಿ ಇಡಬೇಡಿ, ನೀವು ಮೆಷಿನ್ ಮುಂದೆ ಇರುವ ಹೊತ್ತಿಗೆ, ಮಧ್ಯಾಹ್ನಕ್ಕೋ ಸಂಜೆಗೋ ಇಡಿ. ರೋಬೊಕಾಪಿ ಓಡುತ್ತಿದ್ದರೆ ಈಗಿನ ಮೆಷಿನ್‌ಗಳಲ್ಲಿ ನಿಮ್ಮ ಕೆಲಸಕ್ಕೆ ಅಂಥ ತೊಂದರೆಯೇನೂ ಆಗುವುದಿಲ್ಲ.

ಜನರಲ್ ಟ್ಯಾಬ್‌ನಲ್ಲಿ ಲಾಗಾನ್ ಆಗಿದ್ದರೂ ಇಲ್ಲದಿದ್ದರೂ ಓಡಿಸು ಎಂಬ ಆಯ್ಕೆ ಇದೆ. ಅದು ಪಾಸ್‌ವರ್ಡ್ ಕೇಳುತ್ತದೆ, ಪಿನ್ ನಡೆಯುವುದಿಲ್ಲ, ಮತ್ತು ಮುಂದೆಂದೋ ನೀವು ಪಾಸ್‌ವರ್ಡ್ ಬದಲಿಸಿದ ದಿನದಿಂದ ಟಾಸ್ಕ್ ಓಡುವುದಿಲ್ಲ. ನೆಟ್‌ವರ್ಕ್ ಡ್ರೈವ್‌ಗೆ ಕೊಟ್ಟಿರುವ ಅಕ್ಷರವೂ ಅಲ್ಲಿ ಕಾಣಿಸುವುದಿಲ್ಲ, ಎರಡು ಬ್ಯಾಕ್‌ಸ್ಲ್ಯಾಷ್‌ನಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ದಾರಿಯನ್ನೇ ಕೊಡಬೇಕಾಗುತ್ತದೆ. ಮನೆಯ ಮೆಷಿನ್‌ಗೆ, ಲಾಗಾನ್ ಆಗಿದ್ದಾಗ ಮಾತ್ರ ಓಡಲಿ ಎಂದು ಬಿಡುವುದೇ ವಾಸಿ. ಪಕ್ಕದ ಪಟ್ಟಿಯಲ್ಲಿ ಎನೇಬಲ್ ಆಲ್ ಟಾಸ್ಕ್ಸ್ ಹಿಸ್ಟರಿ ಒತ್ತುವುದನ್ನು ಮರೆಯಬೇಡಿ.

ಲಿನಕ್ಸ್, ಮ್ಯಾಕ್

ಲಿನಕ್ಸ್‌ನಲ್ಲಿ ಹಳೆಯ ನಂಬಿಕಸ್ಥ ಜೋಡಿ ಕ್ರಾನ್ ಮತ್ತು ಆರ್‌ಸಿಂಕ್. ಕ್ರಾನ್ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುತ್ತದೆ, ಆರ್‌ಸಿಂಕ್ ಫೈಲ್ ಕಾಪಿ ಮಾಡುತ್ತದೆ. ಕ್ರಾನ್‌ಟ್ಯಾಬ್ -ಇ ಎಂದು ಕೊಟ್ಟು ಒಂದು ಸಾಲು ಬರೆದರಾಯಿತು. ಮೊದಲ ಐದು ಜಾಗ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. 0 13 * * * ಅಂದರೆ ದಿನಾ ಮಧ್ಯಾಹ್ನ 1ಕ್ಕೆ, 30 13 * * 0 ಅಂದರೆ ಭಾನುವಾರ ಮಧ್ಯಾಹ್ನ ಒಂದೂವರೆಗೆ. ತಾರೀಕು ಮತ್ತು ವಾರದ ದಿನ ಎರಡನ್ನೂ ಕೊಟ್ಟರೆ ಎರಡೂ ಹೊಂದಿದಾಗ ಅಲ್ಲ, ಯಾವುದಾದರೂ ಒಂದು ಹೊಂದಿದರೂ ಓಡುತ್ತದೆ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಕೈಕೊಟ್ಟರೆ ಮೊದಲು ಕಮಾಂಡ್‌ಗಳ ಪೂರ್ತಿ ದಾರಿ ಬರೆದಿದ್ದೀರಾ ನೋಡಿ, ಕ್ರಾನ್ ಹುಡುಕುವ ಜಾಗಗಳು ಬಹಳ ಕಡಿಮೆ. ಆ ಸಾಲಿನಲ್ಲಿ ಶೇಕಡಾ ಚಿಹ್ನೆ ಇದ್ದರೆ ಅದನ್ನು ಕ್ರಾನ್ ಹೊಸ ಸಾಲು ಎಂದುಕೊಳ್ಳುತ್ತದೆ, ದಿನಾಂಕ ಬರೆಸುವ ಕಮಾಂಡ್‌ನಲ್ಲಿ ಆ ಚಿಹ್ನೆ ಇರುವುದರಿಂದ ಫೈಲ್‌ಗೆ ದಿನಾಂಕದ ಹೆಸರಿಡುವವರು ಸಿಕ್ಕಿಬೀಳುವುದು ಇಲ್ಲೇ. ದೊಡ್ಡ ಕಮಾಂಡ್‌ಗಳನ್ನೆಲ್ಲ ಒಂದು ಸ್ಕ್ರಿಪ್ಟ್ ಫೈಲ್‌ಗೆ ಹಾಕಿ ಕ್ರಾನ್‌ನಿಂದ ಅದನ್ನಷ್ಟೇ ಕರೆಯಿರಿ.

ಮೆಷಿನ್ ಆಫ್ ಆಗಿದ್ದ ಹೊತ್ತಿನ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ. ಲ್ಯಾಪ್‌ಟಾಪ್ ಆದರೆ ಲಿನಕ್ಸ್‌ನದ್ದೇ ಇನ್ನೊಂದು ಶೆಡ್ಯೂಲರ್ ಆದ ಸಿಸ್ಟಮ್‌ಡಿ ಟೈಮರ್ ಬಳಸಿ, ಅದರಲ್ಲಿ ಪರ್ಸಿಸ್ಟೆಂಟ್=ಟ್ರೂ ಎಂದು ಬರೆದರೆ ತಪ್ಪಿಹೋದದ್ದನ್ನು ಮೆಷಿನ್ ಆನ್ ಆದ ಮೇಲೆ ಮುಗಿಸುತ್ತದೆ. ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ ಎಂದು ಕೇಳಿದರೆ ಹೋದ ಸಲ ಯಾವಾಗ ಓಡಿತು, ಮುಂದೆ ಯಾವಾಗ ಎಂದು ಎರಡನ್ನೂ ತೋರಿಸುತ್ತದೆ. ಟೈಮರ್ ಅನ್ನು ಬರೀ ನಿಮ್ಮ ಯೂಸರ್‌ಗೆ ಹಾಕಿಕೊಂಡಿದ್ದರೆ ಅದೇ ಕಮಾಂಡ್‌ಗೆ --ಯೂಸರ್ ಸೇರಿಸಿ.

ಆರ್‌ಸಿಂಕ್‌ನಲ್ಲಿ ಮೂಲ ಫೋಲ್ಡರ್‌ನ ಕೊನೆಯ ಸ್ಲ್ಯಾಷ್‌ಗೆ ಬೆಲೆ ಇದೆ: ಇದ್ದರೆ ಒಳಗಿನ ಫೈಲ್‌ಗಳು ಮಾತ್ರ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರ್ ಸಮೇತ. --ಡಿಲೀಟ್ ಬಗ್ಗೆ ಎಂಐಆರ್‌ಗೆ ಹೇಳಿದ ಮಾತೇ. ಮೊದಲು -ಎನ್ ಹಾಕಿ ನೋಡಿ, ಅದು ರೋಬೊಕಾಪಿಯ /ಎಲ್ ಇದ್ದ ಹಾಗೆ. ಇಲ್ಲಿ ಬೇರೆಯದೇ ಒಂದು ಅಪಾಯವೂ ಇದೆ. ಎಕ್ಸ್‌ಟರ್ನಲ್ ಡ್ರೈವ್ ಮೌಂಟ್ ಆಗದಿದ್ದರೂ (ಸಿಸ್ಟಮ್‌ಗೆ ಜೋಡಣೆಯಾಗದಿದ್ದರೂ) ಅದರ ಫೋಲ್ಡರ್ ಇದ್ದೇ ಇರಬಹುದು, ಆಗ ಆರ್‌ಸಿಂಕ್ ಏನೂ ತಕರಾರು ಮಾಡದೆ ಒಳಗಿನ ಡಿಸ್ಕ್‌ಗೇ ಎಲ್ಲವನ್ನೂ ಕಾಪಿ ಮಾಡಿ ಅದನ್ನು ತುಂಬಿಸಿಬಿಡುತ್ತದೆ. ಸ್ಕ್ರಿಪ್ಟ್‌ನ ಮೊದಲಲ್ಲೇ ಮೌಂಟ್‌ಪಾಯಿಂಟ್ -ಕ್ಯೂ ಎಂದು ಕೇಳಿ, ಇಲ್ಲ ಅಂದರೆ ಅಲ್ಲೇ ನಿಲ್ಲಿಸಿ. ಹಳೆಯ ವರ್ಶನ್‌ಗಳು, ಎನ್‌ಕ್ರಿಪ್ಶನ್ ಎಲ್ಲ ಬೇಕಿದ್ದರೆ ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಪ್ರೋಗ್ರಾಂ ನೋಡಿ, ಎರಡೂ ಒಳ್ಳೆಯವು. ಆದರೆ ಅವುಗಳ ಪಾಸ್‌ವರ್ಡ್ ಆ ಮೆಷಿನ್‌ನಲ್ಲಿ ಮಾತ್ರ ಇದ್ದರೆ, ಮೆಷಿನ್ ಹೋದ ದಿನ ಬ್ಯಾಕಪ್ಪೂ ಹೋದ ಹಾಗೇ.

ಮ್ಯಾಕ್‌ನವರಿಗೆ ಅದರಲ್ಲೇ ಇರುವ ಟೈಮ್ ಮಷೀನ್ ಸಾಕು. ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದರ ಹಿಂದಕ್ಕೆ ವಾರಕ್ಕೊಂದು ಪ್ರತಿ ಇಡುತ್ತದೆ, ಡ್ರೈವ್ ತುಂಬಿದಾಗ ಹಳೆಯದನ್ನು ತಾನೇ ತೆಗೆಯುತ್ತದೆ.

ಕ್ಲೀನಿಂಗ್ ಟಾಸ್ಕ್‌ಗಳು ಎಷ್ಟು ಬೇಕು?

ಬಹಳ ಕಡಿಮೆ. ಡಿಫ್ರಾಗ್‌ಗೆ (ಡಿಸ್ಕ್‌ನಲ್ಲಿ ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವುದಕ್ಕೆ) ಟಾಸ್ಕ್ ಹಾಕುವ ಅಗತ್ಯವೇ ಇಲ್ಲ, ವಿಂಡೋಸ್ ವಾರಕ್ಕೊಮ್ಮೆ ಅದನ್ನು ತಾನೇ ನೋಡಿಕೊಳ್ಳುತ್ತದೆ, ಎಸ್‌ಎಸ್‌ಡಿ ಇದ್ದರೆ ಅದಕ್ಕೆ ತಕ್ಕ ಟ್ರಿಮ್ (ಅಳಿಸಿದ ಜಾಗ ಖಾಲಿ ಎಂದು ಡ್ರೈವ್‌ಗೆ ತಿಳಿಸುವುದು) ಮಾಡುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲೂ ಟ್ರಿಮ್‌ಗೆ ವಾರದ ಟೈಮರ್ ಮೊದಲೇ ಇದೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಸಂಗ್ರಹವಾದ ರಿಜಿಸ್ಟ್ರಿಯನ್ನು ಸ್ವಚ್ಛ ಮಾಡುತ್ತೇವೆ ಅನ್ನುವ ಕ್ಲೀನರ್‌ಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ, ಅದರಿಂದ ಮೆಷಿನ್ ವೇಗವಾಗುವುದಿಲ್ಲ, ಕೆಟ್ಟರೆ ಸರಿಮಾಡುವುದು ಕಷ್ಟ. ತಾತ್ಕಾಲಿಕ ಫೈಲ್‌ಗಳಿಗೆ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಸೆನ್ಸ್ ಆನ್ ಮಾಡಿ, ರೀಸೈಕಲ್ ಬಿನ್‌ಗೆ 30 ದಿನ ಇಡಿ. ಡೌನ್‌ಲೋಡ್ಸ್ ಫೋಲ್ಡರ್ ಅನ್ನು ತಾನಾಗಿ ಅಳಿಸುವ ಆಯ್ಕೆ ಮಾತ್ರ ಮುಟ್ಟಬೇಡಿ. ಎಷ್ಟೋ ಜನರ ಮುಖ್ಯವಾದ ಕಾಗದಪತ್ರ ಇರುವುದೇ ಅಲ್ಲಿ, ಅವರಿಗೇ ಅದು ಗೊತ್ತಿರುವುದಿಲ್ಲ.

ನಿಂತಿದೆಯೋ ಓಡುತ್ತಿದೆಯೋ

ಫೇಲ್ ಆದರೆ ತಿಳಿಸು ಎಂಬ ವ್ಯವಸ್ಥೆ ಸಾಲದು, ಗಿಟ್‌ಲ್ಯಾಬ್‌ನಲ್ಲಿ ಆದ ಹಾಗೆ ತಿಳಿಸುವ ದಾರಿಯೇ ಮುಚ್ಚಿಹೋಗಬಹುದು, ಅಥವಾ ಟಾಸ್ಕ್ ಶುರುವೇ ಆಗದಿದ್ದರೆ ಫೇಲ್ ಆಯಿತೆಂದು ಹೇಳುವವರು ಯಾರು? ಸರಿಯಾಗಿ ಆದಾಗ ಗುರುತು ಉಳಿಯಬೇಕು, ಆ ಗುರುತು ಹಳೆಯದಾದರೆ ನಿಮ್ಮ ಕಣ್ಣಿಗೆ ಬೀಳಬೇಕು. ವಿಂಡೋಸ್‌ನಲ್ಲಿ ಸುಲಭ ಉಪಾಯ ಇದೆ. ಮೇಲೆ ಹೇಳಿದ ದಿನಾಂಕದ ಟೆಕ್ಸ್ಟ್ ಫೈಲ್ ಇದೆಯಲ್ಲ, ಪ್ರತಿ ಸೋಮವಾರ ಬೆಳಗ್ಗೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಇನ್ನೊಂದು ಟಾಸ್ಕ್ ಹಾಕಿ, ಲಾಗಾನ್ ಆಗಿದ್ದಾಗ ಮಾತ್ರ ಓಡುವ ಹಾಗೆ. ವಾರಕ್ಕೊಮ್ಮೆ ಸ್ಕ್ರೀನ್ ಮೇಲೆ ಒಂದು ದಿನಾಂಕ ಬರುತ್ತದೆ. ನಿನ್ನೆ ಮೊನ್ನೆಯದಾದರೆ ಮುಚ್ಚಿ ಕೆಲಸ ನೋಡಿಕೊಳ್ಳಿ, ಹದಿನೈದು ದಿನ ಹಳೆಯದಾದರೆ ಕೂತು ಕಾರಣ ಹುಡುಕಿ. ಸರ್ವರ್ ನೋಡಿಕೊಳ್ಳುವವರಾದರೆ ಹೆಲ್ತ್‌ಚೆಕ್ಸ್ ರೀತಿಯ ಸೇವೆ ಬಳಸಿ: ಸ್ಕ್ರಿಪ್ಟ್ ಮುಗಿದಾಗ ಒಂದು ವಿಳಾಸವನ್ನು ತಟ್ಟುತ್ತದೆ, ಹೇಳಿದ ಹೊತ್ತಿಗೆ ಆ ತಟ್ಟುವಿಕೆ ಬರದಿದ್ದರೆ ಅವರೇ ನಿಮಗೆ ಸುದ್ದಿ ಮುಟ್ಟಿಸುತ್ತಾರೆ.

ಡ್ರೈವ್ ಸದಾ ಚುಚ್ಚಿಕೊಂಡೇ ಇದ್ದರೆ, ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಬ್ಯಾಕಪ್ಪನ್ನೂ ಲಾಕ್ ಮಾಡುತ್ತದೆ. 2017ರ ಮೇನಲ್ಲಿ ವಾನಾಕ್ರೈ ಎಂಬ ಅಂಥದ್ದೊಂದು ಹರಡಿದಾಗ ಅದು ಕೈಗೆ ಸಿಕ್ಕ ಡ್ರೈವ್‌ಗಳನ್ನೆಲ್ಲ ಮುಟ್ಟಿತ್ತು. ಎರಡು ಡ್ರೈವ್ ಇಟ್ಟುಕೊಂಡು ತಿಂಗಳಿಗೊಮ್ಮೆ ಅದಲುಬದಲು ಮಾಡಿ, ಬಿಚ್ಚಿಟ್ಟದ್ದು ಬೇರೆ ಕಟ್ಟಡದಲ್ಲಿದ್ದರೆ ಇನ್ನೂ ಒಳ್ಳೆಯದು. ಎರಡಕ್ಕೂ ಒಂದೇ ಅಕ್ಷರ ಕೊಟ್ಟಿರಿ, ಎರಡರಲ್ಲೂ ಗುರುತಿನ ಫೈಲ್ ಇರಲಿ.

ಕೊನೆಯದಾಗಿ, ಮೂರು ತಿಂಗಳಿಗೊಮ್ಮೆ ಫೈಲ್‌ಗಳನ್ನು ವಾಪಸ್ ತಂದು ನೋಡಿ. ಡ್ರೈವ್ ಅನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿ, ಬೇರೆ ಬೇರೆ ಫೋಲ್ಡರ್‌ನಿಂದ ನಾಲ್ಕೈದು ಫೈಲ್ ಹೊರಗೆ ಕಾಪಿ ಮಾಡಿ ತೆರೆಯಿರಿ. ಹೆಸರು ಕಂಡರೆ ಸಾಲದು. ಫೋಟೋ ಪೂರ್ತಿ ಕಾಣಬೇಕು, ಲೆಕ್ಕದ ಫೈಲ್‌ನಲ್ಲಿ ಹೋದ ವಾರ ಬರೆದ ಸಾಲು ಇರಬೇಕು. ಎನ್‌ಕ್ರಿಪ್ಟ್ ಮಾಡಿದ್ದರೆ ಪಾಸ್‌ವರ್ಡ್ ಅನ್ನು ಹಳೆಯ ಮೆಷಿನ್ ನೋಡದೆ ಹಾಕಲು ಆಗುತ್ತದಾ ನೋಡಿ. ಪಟ್ಟಿ ಮಾಡಿದ ಮೇಲೆ ಹೊಸದಾಗಿ ಹುಟ್ಟಿಕೊಂಡ ಫೋಲ್ಡರ್ ಯಾವುದಾದರೂ ಬಿಟ್ಟುಹೋಗಿದ್ದರೆ ಗೊತ್ತಾಗುವುದೂ ಆಗಲೇ, ಅದನ್ನು ಆವತ್ತೇ ಬ್ಯಾಚ್ ಫೈಲ್‌ಗೆ ಸೇರಿಸಿ.